ಸುಣ್ಣಗಲ್ಲಿನ ನಾಡಿನಲ್ಲಿ ಕುದುರೆಯ ಮೇವು

ಮುಂಬಯಿಯಿಂದ ಚೆನ್ನೈ ಕಡೆಗೆ ಹೋಗುವ ರೈಲಿನಲ್ಲಿ ಕಲಬುರಗಿ ದಾಟಿದರೆ ಶಹಾಬಾದ, ಆಮೇಲೆ ವಾಡಿ. ವಾಡಿಯಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಕವಲು ರಾಯಚೂರಿನತ್ತ, ಇನ್ನೊಂದು ಚಿತ್ತಾಪುರ, ಮಳಖೇಡ, ಸೇಡಂ ಹಾದು ಸಿಕಂದರಾಬಾದಿನತ್ತ. ನಿಜಾಮರ ಕಾಲದ ಈ ಎರಡನೆಯ ಮಾರ್ಗ ತೆರೆದದ್ದು 1874ರಲ್ಲಿ. ಆ ಮೇಲೆ ಬಹುಕಾಲ ನಿಲ್ದಾಣದಿಂದ ಊರೊಳಗೆ ಹೋಗುವವರಿಗೆ ಟಾಂಗಾವೇ ಗತಿಯಾಗಿತ್ತು. ಈಗ ಆ ಜಾಗದಲ್ಲಿ ಆಟೊಗಳು ನಿಂತಿವೆ. ಆದರೂ ಈ ಭಾಗದಿಂದ ಕುದುರೆ ಪೂರ್ತಿ ಮರೆಯಾಗಿಲ್ಲ. ಮದುವೆಯ ಮೆರವಣಿಗೆಗೆ ಅದು ಬೇಕೇ ಬೇಕು. ಕುರಿಹಿಂಡಿನೊಂದಿಗೆ ಊರೂರು ಅಲೆಯುವ ಕುರಿಗಾರರ ಗಂಟುಮೂಟೆಯನ್ನು ಹೊರುವುದೂ ಒಂದು ಸಣ್ಣ ತಟ್ಟುವೇ.

ಈ ಕುದುರೆಗಳಿಗೆ ಏನು ತಿನ್ನಿಸುತ್ತಾರೆ? ಸುತ್ತ ಏನು ಬೆಳೆಯುತ್ತದೋ ಅದನ್ನೇ. ಕಪ್ಪು ಮಣ್ಣಿನ ಈ ಸೀಮೆ ತೊಗರಿಯ ಕಣಜ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ತೊಗರಿಯ ಜೊತೆಗೆ ಜೋಳ, ಕಡಲೆ ಇವೆ. ದನಕ್ಕೆ ಹಾಕುವ ಕಣಕಿ, ಹೊಟ್ಟು, ಬೂಸಾವನ್ನೇ ಕುದುರೆಗೂ ಹಾಕಿದರಾಯಿತು ಎಂಬ ಭಾವನೆ ಸಹಜ. ತೊಂದರೆ ಶುರುವಾಗುವುದು ಇಲ್ಲಿಂದಲೇ, ಏಕೆಂದರೆ ಕುದುರೆಯ ಹೊಟ್ಟೆ ದನದ ಹೊಟ್ಟೆಯಲ್ಲ.

ದನಕ್ಕೆ ನಾಲ್ಕು ಕೋಣೆಗಳ ಜಠರವಿದೆ. ಅವಸರದಲ್ಲಿ ನುಂಗಿದ್ದನ್ನು ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಇರುವುದು ಒಂದೇ ಜಠರ, ಅದೂ ಸುಮಾರು 8ರಿಂದ 15 ಲೀಟರ್ ಹಿಡಿಯುವಷ್ಟು ಚಿಕ್ಕದು. ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಅದರ ಹಿಂಭಾಗದಲ್ಲಿ, ದೊಡ್ಡ ಕರುಳಿನಲ್ಲಿ ವಾಸಿಸುತ್ತವೆ. ಇನ್ನೊಂದು ಸಂಗತಿ: ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ತಪ್ಪಾಗಿ ತಿಂದದ್ದನ್ನು ಹೊರಹಾಕುವ ದಾರಿಯೇ ಅದಕ್ಕಿಲ್ಲ. ಒಮ್ಮೆಲೇ ಕಾಳು ಹೆಚ್ಚು ತಿಂದರೆ ಅದರ ಪಿಷ್ಟ ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುಳಿಯುತ್ತದೆ. ಹೊಟ್ಟೆಶೂಲೆ ಬರುತ್ತದೆ, ಗೊರಸಿನೊಳಗೆ ಉರಿಯೂತವೂ ಆಗಬಹುದು. ಎರಡೂ ಕುದುರೆಯ ಜೀವಕ್ಕೆ, ಅದನ್ನು ನಂಬಿದ ಮನೆಯ ಅನ್ನಕ್ಕೆ ಕುತ್ತು ತರುವಂಥವು.

ಆದ್ದರಿಂದ ಮೊದಲ ಪಾಠ: ಮೇವು ಮೊದಲು, ಕಾಳು ಆಮೇಲೆ. ಕುದುರೆಗೆ ದಿನಕ್ಕೆ ಅದರ ತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣ ಆಹಾರ ಬೇಕು. 300 ಕಿಲೋ ತೂಗುವ ನಾಡಕುದುರೆಗೆ ಅದು ನಾಲ್ಕೂವರೆಯಿಂದ ಆರು ಕಿಲೋ ಆಗುತ್ತದೆ. ಇದರಲ್ಲಿ ಹೆಚ್ಚಿನ ಪಾಲು ಹುಲ್ಲೇ ಇರಬೇಕು. ಕಾಳು ಬೇಕಿದ್ದರೆ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಒಂದು ಹೊತ್ತಿಗೆ ಒಂದೂವರೆ ಕಿಲೋ ಮೀರಬಾರದು. ಹುರುಳಿಯನ್ನು ಬೇಯಿಸಿಯೇ ಹಾಕಬೇಕೆಂದು ಹಿರಿಯರು ಹೇಳುತ್ತಿದ್ದುದಕ್ಕೆ ಕಾರಣವಿದೆ. ಹಸಿ ಹುರುಳಿಯಲ್ಲಿ ಸಸಾರಜನಕದ ಜೀರ್ಣಕ್ಕೆ ಅಡ್ಡಿಮಾಡುವ ಅಂಶವಿದೆ, ಬೇಯಿಸಿದರೆ ಅದು ನಾಶವಾಗುತ್ತದೆ.

ಚಿತ್ತಾಪುರದಿಂದ ಸೇಡಂಗೆ ಹೋಗುವ ದಾರಿಯ ಹೊಲಗಳಲ್ಲಿ ಜೋಳ ಕಾಣುತ್ತದೆ. ಮಳೆ ಕೈಕೊಟ್ಟು ಬಾಡಿದ ಎಳೆ ಪೈರಿನಲ್ಲಿ, ಕೊಯ್ದ ಮೇಲೆ ಚಿಗುರುವ ಕುಳೆಯಲ್ಲಿ ವಿಷಾಂಶ ಹೆಚ್ಚು. ಅದನ್ನು ಮೇಯ್ದ ದನ ಸಾಯುತ್ತದೆಂದು ಪ್ರತಿ ರೈತನಿಗೂ ಗೊತ್ತು. ಹಸಿ ಜೋಳದ ಹೊಲದಲ್ಲಿ ದಿನಗಟ್ಟಲೆ ಮೇಯ್ದ ಕುದುರೆಗೆ ಬೇರೆ ಬಗೆಯ ಕಾಯಿಲೆ ಬರಬಹುದು: ಮೂತ್ರಕೋಶದ ಉರಿ ಮತ್ತು ಹಿಂಗಾಲುಗಳ ತೂರಾಟ. ಪೂರ್ತಿ ಬಲಿತು ಒಣಗಿದ ಕಣಕಿಯಲ್ಲಿ ಈ ಭಯ ಬಹಳ ಕಡಿಮೆ. ಆದರೆ ಬಣವೆಯಲ್ಲಿ ಮಳೆನೀರು ಇಳಿದು ಬೂಷ್ಟು ಹಿಡಿದ ಕಣಕಿಯನ್ನು ಕುದುರೆಯ ಮುಂದೆ ಇಡಲೇಬಾರದು.

ಶಹಾಬಾದ ಕಲ್ಲನ್ನು ಅರಿಯದವರಾರು? ನಮ್ಮ ಮನೆಗಳ ನೆಲಕ್ಕೆ ಹಾಸಿದ ಆ ಕಲ್ಲು ಸುಣ್ಣಗಲ್ಲು, ಎಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ವಾಡಿ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದದ್ದೂ ಇದೇ ಕಲ್ಲಿನಿಂದ. ಕಾಲ ಕೆಳಗೆ ಇಷ್ಟು ಸುಣ್ಣವಿದ್ದರೂ ಬೂಸಾ, ತೌಡಿನ ಮೇಲೆಯೇ ಬೆಳೆದ ಕುದುರೆಗೆ ಸುಣ್ಣದ ಕೊರತೆ ಆಗಬಹುದು. ಬೂಸಾದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ರಂಜಕಕ್ಕಿಂತ ಕ್ಯಾಲ್ಸಿಯಂ ಕಡಿಮೆಯಾದಾಗ ದೇಹ ತನ್ನ ಮೂಳೆಯಿಂದಲೇ ಅದನ್ನು ಕರಗಿಸಿ ತೆಗೆಯುತ್ತದೆ. ಮುಖದ ಮೂಳೆ ಮೆತ್ತಗಾಗಿ ಊದುತ್ತದೆ, ಕಾಲು ಕುಂಟುತ್ತದೆ. ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಲ್ಲಿ ಕಾಣುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಇದಕ್ಕೆ ಗಿರಣಿಯವನ ರೋಗವೆಂದೇ ಹೆಸರು. ಹಾಗೆಂದು ಕಲ್ಲು ಕುಟ್ಟಿ ತಿನ್ನಿಸಬಾರದು. ಬೂಸಾ ಕಡಿಮೆ ಮಾಡಿ ಒಳ್ಳೆಯ ಹುಲ್ಲು ಹೆಚ್ಚಿಸಬೇಕು. ಖನಿಜ ಮಿಶ್ರಣದ ಅಳತೆಯನ್ನು ಪಶುವೈದ್ಯರೇ ಹೇಳಬೇಕು.

ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕಾಗಿಣಾ ನದಿಯ ದಂಡೆಗೆ ಕೋಟೆ ಉಳಿದಿದೆ. ಇದೇ ರಾಷ್ಟ್ರಕೂಟರ ಮಾನ್ಯಖೇಟ. ಇಲ್ಲಿಂದ ಆಳಿದ ಅರಸರನ್ನು ಅರಬ್ ವರ್ತಕರು ಬಲ್ಹರಾ ಎಂದು ಕರೆದು, ಅವರ ಆನೆ ಕುದುರೆಗಳ ಬಲವನ್ನು ಬರೆದಿಟ್ಟರು. ದಕ್ಷಿಣದ ಅರಸರು ಕುದುರೆಗೆ ಸುರಿದ ಹಣ ಎಷ್ಟು, ಅವು ಎಷ್ಟು ಬೇಗ ಸತ್ತವು ಎಂಬುದಕ್ಕೆ 13ನೆಯ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ ಸಾಕ್ಷಿ. ತಮಿಳು ಕರಾವಳಿಯಲ್ಲಿ ಅನ್ನಕ್ಕೆ ಬೆಂದ ಮಾಂಸ ಕಲಸಿ ಕುದುರೆಗೆ ಹಾಕುತ್ತಾರೆ, ಅರಸನೊಬ್ಬ ಕೊಂಡ 2,000 ಕುದುರೆಗಳಲ್ಲಿ ವರ್ಷದ ಕೊನೆಗೆ 100 ಕೂಡ ಉಳಿಯುವುದಿಲ್ಲ ಎಂದು ಆತ ಬರೆದ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇದ್ದೀತು, ಆದರೆ ಮಾತಿನ ತಿರುಳು ಸತ್ಯ. ರಾಜನ ಪ್ರೀತಿಯಾಗಲಿ ಹಣವಾಗಲಿ ಕುದುರೆಯ ಕರುಳನ್ನು ಬದಲಿಸಲಾರವು.

ಸೇಡಂ ಬಿಟ್ಟು ಉತ್ತರಕ್ಕೆ ಸಾಗಿದರೆ ಚಿಂಚೋಳಿ. ಇಲ್ಲಿ ರೈಲಿಲ್ಲ, ಕಾಡು ಗುಡ್ಡಗಳಿವೆ. ಬೇಸಿಗೆಯಲ್ಲಿ ಈ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಹೊರೆ ಹೊರುವ ಕುದುರೆಯ ಮೊದಲ ಆಹಾರ ನೀರು. ದಿನಕ್ಕೆ 25ರಿಂದ 40 ಲೀಟರ್, ಸೆಕೆಯಲ್ಲಿ ಇನ್ನೂ ಹೆಚ್ಚು. ಬೆವರಿನಲ್ಲಿ ಹೋದ ಉಪ್ಪಿಗಾಗಿ ನೆಕ್ಕಲು ಉಪ್ಪಿನ ಹರಳು ಇರಬೇಕು. ಕೌಟಿಲ್ಯನ ಅರ್ಥಶಾಸ್ತ್ರವೂ ಕುದುರೆಯ ದಿನದ ಪಡಿಯಲ್ಲಿ ಉಪ್ಪನ್ನು ಸೇರಿಸಿದೆ. ಹೊಸ ಮೇವಿಗೆ ಒಗ್ಗಿಸಲು ಒಂದು ವಾರದಿಂದ ಹತ್ತು ದಿನ ಹಳೆಯದರ ಜೊತೆ ಬೆರೆಸುತ್ತ ಬರಬೇಕು. ಕರುಳಿನ ಸೂಕ್ಷ್ಮಜೀವಿಗಳಿಗೆ ಅಷ್ಟು ವ್ಯವಧಾನ ಬೇಕು.

ಇನ್ನು ಮದುವೆ ಮನೆಯ ಮಾತು. ವರನನ್ನು ಇಳಿಸಿದ ಮೇಲೆ ಮಕ್ಕಳು ಪ್ರೀತಿಯಿಂದ ಲಾಡು, ಬ್ರೆಡ್ಡು, ಅನ್ನ ತಂದು ಕುದುರೆಗೆ ತಿನ್ನಿಸುತ್ತಾರೆ. ಹಿರಿಯರು ನಗುತ್ತ ನೋಡುತ್ತಾರೆ. ಒಬ್ಬೊಬ್ಬರ ಒಂದೊಂದು ತುತ್ತು ಸೇರಿ ದೊಡ್ಡ ಊಟವೇ ಆಗುತ್ತದೆ. ರಾತ್ರಿ ಕುದುರೆ ಮೇವು ಬಿಟ್ಟು, ನೆಲ ಕೆರೆದು, ಹೊಟ್ಟೆಯತ್ತ ತಿರುಗಿ ತಿರುಗಿ ನೋಡಿ, ಹೊರಳಾಡತೊಡಗಿದರೆ ಅದು ಹೊಟ್ಟೆಶೂಲೆ. ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರನ್ನು ಕರೆಯಬೇಕು. ಮಕ್ಕಳಿಗೆ ಕೊಡುವ ಆಸೆಯಿದ್ದರೆ ಮೊದಲು ಕುದುರೆಯವರನ್ನು ಕೇಳಲಿ. ಅವರು ಒಪ್ಪಿದರೆ ಒಂದು ಹಿಡಿ ಶುಚಿಯಾದ ಹುಲ್ಲು, ಒಂದು ಬಕೆಟ್ಟು ನೀರು ಕೊಡಲಿ.