ಉದ್ರಿ ಖಾತೆ

“ಉದ್ರಿ ಕೊಟ್ಟೇ ಈ ಮಂದಿ ಮುಳುಗತಾರ. ಯಾಪಾರ ಮಾಡಾವ್ರು ಎದಿ ಕಲ್ಲು ಮಾಡ್ಕೋಬೇಕ್ರಿ,” ಅಂದರು ಪುಣೆಯಿಂದ ಬಂದಿದ್ದ ಬೀಗರು. ಸೊನ್ನದ ಬ್ಯಾರೇಜು ನೋಡಿಕೊಂಡು ಬರುವಾಗ ಭೀಮಾ ದಂಡೆಯ ಹಳ್ಳಿಯೊಂದರ ಕಿರಾಣಿ ಅಂಗಡಿ ಮುಂದೆ ನಿಂತು ಚುರಮುರಿ ಕಟ್ಟಿಸಿಕೊಳ್ಳುತ್ತಿದ್ದೆವು. ಬೀಗರು ಲೆಕ್ಕ ಬಲ್ಲವರು, ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಆ ಮಾತು ನನ್ನೊಳಗೆ ಮುರಿದ ಮುಳ್ಳಿನ ಹಾಗೆ ಕೂತುಬಿಟ್ಟಿದೆ.

ಅಂಗಡಿ ಅಂದರೆ ಒಂದು ಖೋಲಿ. ಬಾಗಿಲಿಗೆ ಶಾಂಪೂ ಪುಡಿಕೆಗಳ ಸರ, ಒಳಗೆ ಬೆಲ್ಲದ ಪೆಂಟೆ, ಪುಠಾಣಿ ಡಬ್ಬಿ, ಎಣ್ಣೆ ಡಬ್ಬ, ಗೋಡೆಗೆ ಒರಗಿಸಿದ ಎರಡು ಕಸಬರಿಗೆ. ಗಲ್ಲಾ ಪೆಟ್ಟಿಗೆಯ ಮೇಲೆ “ಇಂದು ನಗದು, ನಾಳೆ ಉದ್ರಿ” ಎಂಬ ಬೋರ್ಡು. ಅದರ ಕೆಳಗೇ ಕೂತು ಅಂಗಡಿಯವರು ಉದ್ರಿ ಬರೆಯುತ್ತಿದ್ದರು. ಸಣ್ಣ ಹುಡುಗಿಯೊಬ್ಬಳು ಓಡಿ ಬಂದಳು: “ಕಾಕಾ, ಪಾವ್ ಕಿಲೋ ಸಕ್ರಿ, ಐದು ರೂಪಾಯಿ ಚಾಪುಡಿ ಕೊಡು. ಅವ್ವ ಬರಕೋ ಅಂದಾಳ.” ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ, ತನ್ನ ಮನೆಯ ಅಡಕಲಿಗೆ ಕೈ ಹಾಕಿದಷ್ಟು ಸಲೀಸು. ಕಾಕಾ ಸಕ್ಕರೆ ತೂಗಿ, ಅವಳ ಕೈಗೆ ಒಂದು ಪೆಪ್ಪರ್‌ಮೆಂಟೂ ಇಟ್ಟು, ಉದ್ದನೆಯ ಬುಕ್ಕಿನಲ್ಲಿ ಬರೆದುಕೊಂಡರು. ಆ ಬುಕ್ಕಿನಲ್ಲಿ ಹೆಸರುಗಳು ಕಮ್ಮಿ. “ಗುಡಿ ಹಿಂದಿನವರು”, “ಟೇಲರನ ತಮ್ಮ”, “ಬೇವಿನಗಿಡದ ಮನೆ ಸಣ್ಣ ಸೊಸಿ” — ಇಷ್ಟು ಸಾಕು. ಊರೇ ಗೊತ್ತಿದ್ದವರಿಗೆ ಆಧಾರ್ ನಂಬರು ಯಾಕೆ ಬೇಕು?

ಈ ಬುಕ್ಕು ತುಂಬುವುದೂ ಖಾಲಿಯಾಗುವುದೂ ತೊಗರಿಯ ಕೈಯಲ್ಲಿದೆ. ಅಫಜಲಪುರ, ಆಳಂದ, ಜೇವರ್ಗಿ ಕಡೆ ತೊಗರಿ ಮಣ್ಣಿಗೆ ಬೀಳುವುದು ಜೂನ್, ಜುಲೈನಲ್ಲಿ. ರಾಶಿಯಾಗುವುದು ಡಿಸೆಂಬರ್, ಜನವರಿಯಲ್ಲಿ. ನಡುವಿನ ಆರು ತಿಂಗಳು ಹೊಲ ಬರೀ ಕೇಳುತ್ತದೆ, ಏನೂ ಕೊಡುವುದಿಲ್ಲ. ಬೀಜ, ಗೊಬ್ಬರ, ಎಣ್ಣಿ ಹೊಡೆಯುವ ಖರ್ಚು, ಕಳೆ ತೆಗೆಯುವವರ ಕೂಲಿ. ಕೈಯಲ್ಲಿದ್ದ ದುಡ್ಡು ಹೊಲಕ್ಕೆ ಹೋದ ಮೇಲೆ ಮನೆಯ ಒಲೆ ಉರಿಯುವುದು ಕಿರಾಣಿ ಅಂಗಡಿಯವರ ಉದ್ರಿಯ ಮೇಲೆ. ಅದರಲ್ಲೂ ಎಳ್ಳಮಾಸಿ ಸರಿಯಾಗಿ ರಾಶಿಯ ಮುಂಚೆಯೇ ಬರುತ್ತದೆ. ಚರಗ ಚೆಲ್ಲದೆ ಬಿಡುವ ಹಾಗಿಲ್ಲ. ಸಜ್ಜಿ ಕಡಬಿಗೆ ಬೆಲ್ಲ, ಎಳ್ಳು, ಭಜ್ಜಿಗೆ ಬೇಕಾದ ಸಾಮಾನು, ಬಂದ ಬೀಗರಿಗೆ ಚಹಾ ಸಕ್ಕರೆ, ಎಲ್ಲ ಬುಕ್ಕಿನಲ್ಲೇ. ಭೂಮಿತಾಯಿಗೆ ಇಟ್ಟ ನೈವೇದ್ಯದಲ್ಲೂ ಕಾಕಾನ ಪಾಲಿದೆ.

ತೊಗರಿಯ ಹಣೆಬರಹವನ್ನಾದರೂ ಯಾರು ನಂಬಬೇಕು? 2015ರಲ್ಲಿ ಶಹರಗಳಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ಹುಮ್ಮಸ್ಸಿನಲ್ಲಿ ಎಲ್ಲರೂ ತೊಗರಿ ಬಿತ್ತಿದರು. ಮರುವರ್ಷ ಬಂಪರ್ ಬೆಳೆ ಬಂತು, ಬೆಂಬಲ ಬೆಲೆ ಕ್ವಿಂಟಲಿಗೆ 5,050 ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಕೆಳಗೆ ಮಾರಬೇಕಾಯಿತು. ನೋಟು ರದ್ದಾಗಿ ಕೈಯಲ್ಲಿ ಚಿಲ್ಲರೆ ಇಲ್ಲದ ವರ್ಷವೂ ಅದೇ. ಅದೇ 2016ರಲ್ಲಿ ಮೊಜಾಂಬಿಕ್ ಜೊತೆ ತೊಗರಿ ಆಮದಿನ ಒಪ್ಪಂದವಾಯಿತು, 2021ರಿಂದ ಆಮದಿಗೆ ಬಾಗಿಲು ಪೂರ್ತಿ ತೆರೆಯಿತು. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಿಕೆಯ ಮಾನ ಸಿಕ್ಕಿತು, ಸಂತೋಷ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಹೊಲಗಳನ್ನು ನುಂಗಿದಳು. 2022ರಲ್ಲಿ ನೆಟೆ ರೋಗ ಬಂದು, ಕಾಯಿ ಕಟ್ಟಿದ ಗಿಡ ನಿಂತಲ್ಲೇ ಒಣಗಿತು. 2024ರಲ್ಲಿ ಕ್ವಿಂಟಲಿಗೆ 10,000 ದಾಟಿದ್ದ ದರ, ನಮ್ಮ ರೈತರ ಮಾಲು ಮಾರುಕಟ್ಟೆಗೆ ಬರುವ 2025ರ ಜನವರಿಯ ಹೊತ್ತಿಗೆ ಬೆಂಬಲ ಬೆಲೆ 7,550ರ ಆಸುಪಾಸಿಗೆ ಇಳಿದಿತ್ತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಿತು. ಆ ಸೆಪ್ಟೆಂಬರಿನಲ್ಲಿ ಮತ್ತೆ ಭೀಮೆ.

ಇಷ್ಟೆಲ್ಲ ಪೆಟ್ಟಿನ ಲೆಕ್ಕ ಬರೆಯುವಾಗ ನಾವು ರೈತನ ಹೆಸರು ಬರೆಯುತ್ತೇವೆ, ಬರೆಯಲೇಬೇಕು. ಆದರೆ ಬೆಳೆ ಹೋದ ವರ್ಷ ರೈತನಿಗೆ ಪರಿಹಾರವಾದರೂ ಬಂದೀತು, ಬೆಳೆವಿಮೆ ಬಂದೀತು. ಅವನ ಮನೆಗೆ ಆರು ತಿಂಗಳು ಜೀರಿಗೆಯಿಂದ ಸೋಪಿನವರೆಗೆ ಕೊಟ್ಟವರಿಗೆ ಯಾವ ಪರಿಹಾರದ ಪಟ್ಟಿಯಲ್ಲೂ ಜಾಗವಿಲ್ಲ. ಅಫಜಲಪುರದ ಹೋಲ್‌ಸೇಲ್ ಅಂಗಡಿಯವರು ಹೆಚ್ಚೆಂದರೆ ಹದಿನೈದು ದಿನ ತಡೆಯುತ್ತಾರೆ. ಬಿಸ್ಕತ್ತಿನ ಕಂಪನಿಯ ಗಾಡಿಯವರು ಮಾಲು ಇಳಿಸುವಾಗಲೇ ರೊಕ್ಕ ಎಣಿಸಿಕೊಳ್ಳುತ್ತಾರೆ. ಹದಿನೈದು ದಿನದ ಸಾಲ ತಂದು ಆರು ತಿಂಗಳ ಸಾಲ ಕೊಡುವುದು, ಅದೂ ಬಡ್ಡಿಯಿಲ್ಲದೆ! ನಡುವಿನ ಖಾಲಿ ತುಂಬುವುದು ಭಿಶಿ ಎತ್ತಿ, ಹೆಂಡತಿಯ ಸಂಘದ ಸಾಲ ತಂದು. ಅದರ ಕಂತು ಪ್ರತಿ ವಾರ ಬಾಗಿಲಿಗೇ ಬರುತ್ತದೆ.

“ಹಂಗಾರ ಯಾಕ ಕೊಡ್ತೀರಿ ಕಾಕಾ?” ಅಂದೆ.

“ಕೊಡಂಗಿಲ್ಲಂದ್ರ ಕೂಸು ಚಾ ಇಲ್ದ ಸಾಲಿಗಿ ಹೋಗ್ತದ. ಮತ್ತ ನಾ ಇಲ್ಲೇ ಕುಂದ್ರಬೇಕಲ್ಲಪ,” ಅಂದರು.

ನನಗೆ ಈ ಉತ್ತರ ಸಾಕು. ಬೀಗರಿಗೆ ಸಾಕಾಗಲಿಲ್ಲ.

ಕಾಕಾ ಕೈಕಟ್ಟಿ ಕೂತವರೂ ಅಲ್ಲ. ಲಾಕ್‌ಡೌನಿನಲ್ಲಿ, ಮುಂಬೈ ಪುಣೆಗೆ ದುಡಿಯಲು ಹೋದವರೆಲ್ಲ ಬರಿಗೈಲಿ ಮರಳಿದಾಗ, ಇದ್ದ ಮಾಲನ್ನು ಸಣ್ಣ ಸಣ್ಣ ಪುಡಿ ಕಟ್ಟಿ ಎಲ್ಲರಿಗೂ ಮುಟ್ಟಿಸಿದ್ದರು. ಆಮೇಲೆ ಪಕ್ಕದಲ್ಲಿ ಹಿಟ್ಟಿನ ಗಿರಣಿ ಹಾಕಿದರು. ಅಲ್ಲಿ ಉದ್ರಿ ಕಮ್ಮಿ, ದಿನಾ ನಾಲ್ಕು ಕಾಸು ಆಡುತ್ತದೆ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ ಎರಡು ಸಾವಿರ ಬರತೊಡಗಿದ ಮೇಲೆ ಹೆಣ್ಣುಮಕ್ಕಳು ತಾವೇ ಬಂದು ಹಳೇ ಬಾಕಿಯಲ್ಲಿ ಮುನ್ನೂರು, ಐನೂರು ಕಡಿದು ಹೋಗುತ್ತಾರೆ. ಆ ಯೋಜನೆ ಮನೆಗಳ ಜೊತೆ ಹಳ್ಳಿಯ ಅಂಗಡಿಗಳನ್ನೂ ಉಳಿಸಿದೆ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಹಣ ತಡವಾದ ತಿಂಗಳು ಬುಕ್ಕಿನ ಪುಟಗಳೂ ಬೇಗ ತುಂಬುತ್ತವೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದ ಸುದ್ದಿ ಕೇಳಿ ಕಾಕಾ ಸ್ಕ್ಯಾನರ್ ತೆಗೆದು ಒಳಗಿಟ್ಟಿದ್ದರು. ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ಅಷ್ಟು ವ್ಯಾಪಾರ ಆ ಖೋಲಿಗೆ ಕನಸಿನಲ್ಲೂ ಆಗದು. ಆದರೂ ಹೆದರಿಕೆ ಹೆದರಿಕೆಯೇ.

ಬಾಕಿ ಮುಳುಗಿಸುವವರು ಬಡವರೇ ಎಂದು ತಿಳಿದಿದ್ದೆ. ಹಾಗಿಲ್ಲವಂತೆ. ಬಡವರು ಹತ್ತಿಪ್ಪತ್ತು ಕೊಟ್ಟಾದರೂ ಮುಖ ಉಳಿಸಿಕೊಳ್ಳುತ್ತಾರೆ. ನೋವಾಗುವುದು ಉಳ್ಳವರಿಂದ. ಆರು ತಿಂಗಳು ಇಲ್ಲಿ ಬರೆಸಿ, ತೊಗರಿ ಪಟ್ಟಿಯ ರೊಕ್ಕ ಕೈಗೆ ಬಂದ ದಿನ ಜೀಪು ತಗೊಂಡು ಕಲಬುರಗಿಯ ಮಾರ್ಟಿಗೆ ಹೋಗುತ್ತಾರೆ. ಒಂದು ಕೊಂಡರೆ ಒಂದು ಪುಕ್ಕಟೆ ಎಂದು ಚೀಲ ತುಂಬಿಕೊಂಡು, ನಗದು ಎಣಿಸಿ, ಕಾಕಾನ ಅಂಗಡಿ ಮುಂದಿಂದಲೇ ಮನೆ ಸೇರುತ್ತಾರೆ. ಮಾರ್ಟಿನವರು ನಿಮ್ಮ ಕೂಸಿಗೆ ಬರಕೊಂಡು ಒಂದು ಪುಡಿ ಚಹಾ ಕೊಟ್ಟಾರೇನು?

ಈ ಸಲ ರಾಶಿ ಮಾಡಿದವರಲ್ಲಿ ನನ್ನದೊಂದು ವಿನಂತಿ. ಪಟ್ಟಿಯ ರೊಕ್ಕ ಬಂದ ದಿನ ಮೊದಲು ಊರಿನ ಕಿರಾಣಿ ಅಂಗಡಿಗೆ ಹೋಗಿ, ನಿಮ್ಮ ಮನೆಯ ಪುಟ ತೆಗೆಸಿ, ಬಾಕಿ ಕಡಿಸಿ. ಪೂರ್ತಿ ಆಗದಿದ್ದರೆ ಅರ್ಧ ಕೊಡಿ.