ಮಂದಗಾಮಿನಿಯ ಮಡಿಲಲ್ಲಿ ಆರು ದಿನ

ಪ್ರವಾಸದ ಫಲವನ್ನು ಕ್ರಮಿಸಿದ ದೂರದಿಂದ ಅಳೆಯುವುದು ಇಂದಿನ ರೂಢಿ. ಹತ್ತು ದಿನಗಳಲ್ಲಿ ಏಳು ದೇಶಗಳನ್ನು ಕಂಡು ಬಂದೆವೆಂದು ಹೇಳಿಕೊಳ್ಳುವವರು ನಮ್ಮಲ್ಲಿ ಅನೇಕರಿದ್ದಾರೆ. 2023ರ ಜೂನ್ ತಿಂಗಳಲ್ಲಿ ನಾನು ಇಬ್ಬರು ಬಾಲ್ಯಮಿತ್ರರೊಡನೆ ಇಂಗ್ಲೆಂಡಿನ ಥೇಮ್ಸ್ ನದಿಯಲ್ಲಿ ಆರು ದಿನ ದೋಣಿಯ ಮೇಲೆ ಕಳೆದೆ. ಅಷ್ಟೂ ದಿನಗಳಲ್ಲಿ ಹೋಗಿ ಬಂದ ದಾರಿ ನೂರು ಕಿಲೋಮೀಟರಿಗೂ ಕಡಿಮೆ. ಆದರೆ ಆ ಅಲ್ಪ ದೂರದಲ್ಲಿ ದೊರೆತ ಲಾಭ ಅಲ್ಪವಾದುದಲ್ಲವೆಂಬ ನಂಬಿಕೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾವು ಮೂವರೂ ಈ ಶಾಲೆಯ ಒಂದೇ ತರಗತಿಯಲ್ಲಿ ಓದಿದವರು. ಶ್ರೀಮಠದ ಪ್ರಸಾದ ನಿಲಯದ ಒಂದೇ ಕೋಣೆಯಲ್ಲಿ ಬೆಳೆದವರು. ಒಬ್ಬರು ವೈದ್ಯರಾಗಿ ಇಂಗ್ಲೆಂಡಿನಲ್ಲಿ ನೆಲೆಸಿ ಇಪ್ಪತ್ತೈದು ವರ್ಷಗಳು ಸಂದಿವೆ. ಇನ್ನೊಬ್ಬರು ಊರಿನಲ್ಲಿಯೇ ಉಳಿದು ಕೃಷಿಯನ್ನು ನಂಬಿ ಬಾಳಿದವರು. 2020ರಲ್ಲಿ ಮಹಾಮಾರಿಯ ನಿಮಿತ್ತ ವಿಮಾನ ಸಂಚಾರ ನಿಂತುಹೋಗಿದ್ದ ದಿನಗಳಲ್ಲಿ ವೈದ್ಯಮಿತ್ರರ ತಾಯಿಯವರು ಲಿಂಗೈಕ್ಯರಾದರು. ಒಬ್ಬನೇ ಮಗ ಬರಲಾರದೆ ಹೋದ. ಅಂತ್ಯಕ್ರಿಯೆಯನ್ನೆಲ್ಲ ಕೃಷಿಕ ಮಿತ್ರರೇ ಮುಂದೆ ನಿಂತು ನಡೆಸಿದರು. ಆದರೆ ಕೆಲವು ದಿನಗಳ ಅನಂತರ ದೂರವಾಣಿಯಲ್ಲಿ ಮಾತನಾಡುವಾಗ, "ತಾಯಿಗೆ ಹಿಡಿ ಮಣ್ಣ ಹಾಕಾಕ ಬರದಾವ ಎಂಥಾ ಮಗನೋ?" ಎಂದುಬಿಟ್ಟರು. ಅಂದಿನಿಂದ ಮೂರು ವರ್ಷ ಇಬ್ಬರ ನಡುವೆ ಮಾತಿಲ್ಲ. ವೈದ್ಯಮಿತ್ರರು ನನ್ನನ್ನು ಇಂಗ್ಲೆಂಡಿಗೆ ಆಹ್ವಾನಿಸಿದಾಗ, "ಬಂದರೆ ಇಬ್ಬರೂ ಬರುತ್ತೇವೆ" ಎಂದು ಉತ್ತರಿಸಿದೆ. ಇಬ್ಬರೂ ಒಪ್ಪಿದರು, ಆದರೆ ಆ ಒಪ್ಪಿಗೆಯೂ ನನ್ನ ಬಾಯಿಂದಲೇ ಒಬ್ಬರಿಂದ ಒಬ್ಬರಿಗೆ ತಲುಪಬೇಕಾಯಿತು.

ನಾವು ಬಾಡಿಗೆಗೆ ಹಿಡಿದದ್ದು ನ್ಯಾರೋಬೋಟ್ ಎಂಬ ನೀಳವಾದ ಇಕ್ಕಟ್ಟಿನ ದೋಣಿ. ಅಗಲ ಏಳು ಅಡಿಗೂ ಕಡಿಮೆ. ಉದ್ದ ಕೆಲವಕ್ಕೆ ಎಪ್ಪತ್ತು ಅಡಿಯವರೆಗೂ ಉಂಟು. ಈ ಆಕಾರಕ್ಕೊಂದು ಇತಿಹಾಸವಿದೆ. ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ಸಾಗಿಸಲು ಬ್ರಿಡ್ಜ್‌ವಾಟರ್ ಕಾಲುವೆ 1761ರಲ್ಲಿ ತೆರೆಯಿತು. ಅದರ ನಿರ್ಮಾಣದಲ್ಲಿ ಹೆಸರಾದ ಜೇಮ್ಸ್ ಬ್ರಿಂಡ್ಲಿಯು ಮುಂದೆ ಯೋಜಿಸಿದ ಕಾಲುವೆಗಳಲ್ಲಿ ನೀರು ಮತ್ತು ವೆಚ್ಚಗಳ ಮಿತವ್ಯಯಕ್ಕಾಗಿ ದ್ವಾರಗಳನ್ನು ಏಳು ಅಡಿಯ ಅಗಲಕ್ಕೆ ಕಟ್ಟಿಸಿದ. ದ್ವಾರದ ಅಳತೆಯೇ ದೋಣಿಯ ಅಳತೆಯಾಯಿತು. ಅಂದು ಕುದುರೆಗಳು ದಂಡೆಯ ಮೇಲೆ ನಡೆಯುತ್ತ ಇವನ್ನು ಎಳೆಯುತ್ತಿದ್ದವು. ರೈಲು ಬಂದ ಮೇಲೆ ದೋಣಿಯವರ ಗಳಿಕೆ ಕುಗ್ಗಿತು. ದಂಡೆಯ ಮನೆ ಬಿಟ್ಟು ಹೆಂಡತಿ ಮಕ್ಕಳೊಡನೆ ದೋಣಿಯಲ್ಲಿಯೇ ವಾಸಿಸುವ ಸಂಸಾರಗಳು ಹೆಚ್ಚಿದವು. ಹತ್ತು ಅಡಿ ಉದ್ದದ ಕೋಣೆಯೊಳಗೆ ಒಲೆ, ಹಾಸಿಗೆ, ತೊಟ್ಟಿಲು ಎಲ್ಲವೂ. ಇಂದು ಇಲ್ಲಿ, ನಾಳೆ ಇನ್ನೆಲ್ಲೋ ಎಂಬ ಬಾಳಿನಲ್ಲಿ ಮಕ್ಕಳಿಗೆ ಅಕ್ಷರಾಭ್ಯಾಸವೆಲ್ಲಿಯದು? ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್ ಎಂಬ ಸಜ್ಜನನು ಈ ಮಕ್ಕಳ ಪರವಾಗಿ ಹೋರಾಡಿದುದರ ಫಲವಾಗಿ 1877ರಲ್ಲಿ ಕಾಲುವೆ ದೋಣಿಗಳ ಕಾಯಿದೆ ಬಂದಿತು. ಪ್ರಸಾದ ನಿಲಯದ ಅನ್ನವುಂಡು ಅಕ್ಷರ ಕಲಿತ ನಮಗೆ ಆ ಮಕ್ಕಳ ಕಥೆ ಅನ್ಯದೇಶದ್ದೆಂದು ತೋರಲಿಲ್ಲ.

ಆಕ್ಸ್‌ಫರ್ಡ್ ನಗರದ ಬಳಿಯ ಕಾಲುವೆಯಿಂದ ಹೊರಟು, ಡ್ಯೂಕ್ಸ್ ಕಟ್ ಎಂಬ ಕಿರುಗಾಲುವೆಯ ಮೂಲಕ ಥೇಮ್ಸ್ ನದಿಯನ್ನು ಸೇರಿ, ಪ್ರವಾಹಕ್ಕೆ ಎದುರಾಗಿ ಲೆಚ್‌ಲೇಡ್ ಎಂಬ ಊರಿನವರೆಗೆ ಹೋಗುವುದು ನಮ್ಮ ಸಂಕಲ್ಪ. ಲಂಡನ್ ನಗರದಲ್ಲಿ ಇದೇ ನದಿಯ ದಂಡೆಯ ಮೇಲೆ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಗೆ ವಂದಿಸಿ ಬಂದಿದ್ದೆವು. ಅಲ್ಲಿ ವಿಶಾಲವಾಗಿ, ಗಂಭೀರವಾಗಿ ಹರಿಯುವ ಹೊಳೆ ಇಲ್ಲಿ ನಮ್ಮ ಹಳ್ಳದಂತೆ ಕಿರಿದು. ಇಕ್ಕೆಲದಲ್ಲಿ ನೀರಂಜಿಯ ಮರಗಳು, ಮೇಯುವ ದನಗಳು, ಮರಿಗಳೊಡನೆ ತೇಲುವ ಹಂಸಗಳು. ಕಾವ್ಯಗಳಲ್ಲಿ ನೂರು ಬಾರಿ ಪಾಠ ಹೇಳಿದ ಹಂಸಗಮನವನ್ನು ಕಣ್ಣಾರೆ ಕಂಡದ್ದು ಆಗಲೇ. ನಮ್ಮ ದೋಣಿಯ ವೇಗವೂ ಮನುಷ್ಯನ ನಡಿಗೆಗಿಂತ ಬಹಳ ಹೆಚ್ಚಿನದಲ್ಲ. ಚುಕ್ಕಾಣಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ, ಅದೂ ತುಸು ತಡೆದು. ಅವಸರದವನಿಗೆ ಇದು ಒಲಿಯುವುದಿಲ್ಲ.

ದಾರಿಯಲ್ಲಿ ಒಂಬತ್ತು ಲಾಕ್‌ಗಳು. ನದಿಯ ಮಟ್ಟ ಏರುವಲ್ಲಿ ದೋಣಿಯನ್ನು ಮೇಲಕ್ಕೆತ್ತಲು ಕಟ್ಟಿದ ನೀರಿನ ಮೆಟ್ಟಿಲುಗಳಿವು. ಎರಡು ಬಾಗಿಲುಗಳ ನಡುವಿನ ಕಲ್ಲಿನ ತೊಟ್ಟಿಯೊಳಗೆ ದೋಣಿ ಸೇರಿದ ಮೇಲೆ ಕೆಳಬಾಗಿಲನ್ನು ಮುಚ್ಚಿ, ಮೇಲುಬಾಗಿಲಿನ ಕಿಂಡಿಗಳನ್ನು ತೆರೆಯುತ್ತಾರೆ. ತೊಟ್ಟಿ ತುಂಬಿದಂತೆ ದೋಣಿ ಏರುತ್ತದೆ. ಬಾಗಿಲಿಗೆ ಎರಡು ಕದ. ಈ ದಂಡೆಯಲ್ಲೊಬ್ಬ, ಆ ದಂಡೆಯಲ್ಲೊಬ್ಬ ನಿಂತು ಉದ್ದನೆಯ ತೊಲೆಗಳನ್ನು ಬೆನ್ನಿನಿಂದ ನೂಕಬೇಕು. ಚುಕ್ಕಾಣಿ ನನ್ನ ಪಾಲಿಗೆ ಬಂದುದರಿಂದ ಕದಗಳು ಅವರಿಬ್ಬರ ಪಾಲಿಗೆ ಬಂದವು. ಮೊದಮೊದಲು, "ಅವನಿಗೆ ನೂಕೆಂದು ಹೇಳು" ಎಂದು ಇಬ್ಬರೂ ನನಗೇ ಹೇಳುತ್ತಿದ್ದರು.

ರಶಿ ಎಂಬಲ್ಲಿನ ಲಾಕ್‌ನಲ್ಲಿ ಕೃಷಿಕ ಮಿತ್ರರು ತಾಳ್ಮೆಗೆಟ್ಟು ಮೈಯ ಬಲವನ್ನೆಲ್ಲ ಹಾಕಿ ತೊಲೆಯನ್ನು ನೂಕಿದರು. ಅದು ಕದಲಲಿಲ್ಲ. ಲಾಕ್ ಕಾಯುವಾತ ನಗುತ್ತ ಬಂದು, ಎರಡೂ ಕಡೆಯ ನೀರು ಒಂದೇ ಮಟ್ಟಕ್ಕೆ ಬರುವವರೆಗೆ ಹತ್ತು ಜನ ನೂಕಿದರೂ ಬಾಗಿಲು ತೆರೆಯದೆಂದೂ, ಮಟ್ಟ ಸಮವಾದರೆ ಒಬ್ಬನ ಬಲವೇ ಸಾಕೆಂದೂ ತಿಳಿಹೇಳಿದ. ವೈದ್ಯಮಿತ್ರರು ಆ ದಂಡೆಯಿಂದ, "ಸ್ವಲ್ಪ ತಡೀಯೋ, ಇನ್ನೂ ಗೇಣುದ್ದ ಐತಿ" ಎಂದು ಕೂಗಿದರು. ಮೂರು ವರ್ಷಗಳಲ್ಲಿ ಅವರು ನೇರವಾಗಿ ಆಡಿದ ಮೊದಲ ಮಾತು ಅದು.

ಅಂದು ಸಂಜೆ ರಾಡ್‌ಕಾಟ್ ಎಂಬಲ್ಲಿಯ ಪುರಾತನ ಕಲ್ಲು ಸೇತುವೆಯನ್ನು ದಾಟಿ ಕೆಲ್ಮ್‌ಸ್ಕಾಟ್ ಗ್ರಾಮದ ಬಳಿ ದೋಣಿ ಕಟ್ಟಿದೆವು. ಕವಿಯೂ ಕುಶಲಕರ್ಮಿಯೂ ಆಗಿದ್ದ ವಿಲಿಯಂ ಮಾರಿಸನು 1871ರಿಂದ 1896ರಲ್ಲಿ ತೀರಿಕೊಳ್ಳುವವರೆಗೆ ಬಾಡಿಗೆಗೆ ಹಿಡಿದುಕೊಂಡಿದ್ದ ಹಳೆಯ ಮನೆ ಅಲ್ಲಿದೆ. ಕೈಯ ದುಡಿಮೆಯಲ್ಲಿ ಆನಂದವಿರಬೇಕೆಂದು ಸಾರಿದ ಆತನ ಸಮಾಧಿ ಅಲ್ಲಿಯ ಇಗರ್ಜಿಯ ಅಂಗಳದಲ್ಲಿದೆ. ಅದನ್ನು ನೋಡಿ ಬಂದು ದೋಣಿಯ ಮುಂದೆ ಕುಳಿತೆವು. ಜೂನ್ ತಿಂಗಳಾದುದರಿಂದ ರಾತ್ರಿ ಒಂಬತ್ತಾದರೂ ಬೆಳಕಿತ್ತು. ಬಹಳ ಹೊತ್ತಿನ ಮೇಲೆ ವೈದ್ಯಮಿತ್ರರು ಕೇಳಿದರು: "ಅವ್ವನ್ನ ಎಲ್ಲಿ ಮಣ್ಣ ಮಾಡಿದ್ರಿ?"

ಕೃಷಿಕ ಮಿತ್ರರು ಒಂದೊಂದಾಗಿ ಹೇಳಿದರು. ಹೊಲದ ಬೇವಿನ ಗಿಡದ ಕೆಳಗೆ, ಅಪ್ಪನ ಸಮಾಧಿಯ ಬದಿಗೆ. ಬಂದವರು ಬೆರಳೆಣಿಕೆಯ ಜನ. ಕೊನೆಗೆ ತಗ್ಗಿದ ದನಿಯಲ್ಲಿ, "ನಂದೊಂದು ಹಿಡಿ ಹಾಕಿದ ಮ್ಯಾಲ ನಿನ್ನ ಹೆಸರ್ಲೆ ಇನ್ನೊಂದು ಹಿಡಿ ಹಾಕೀನಿ" ಎಂದರು.

"ಆವತ್ತ ಯಾಕ ಹೇಳಲಿಲ್ಲೋ?"

"ಸಿಟ್ಟಿನಾಗಿದ್ದೆ. ನೀ ಇಲ್ಲಲ್ಲಾ ಅಂತ ಸಿಟ್ಟು."

ವೈದ್ಯಮಿತ್ರರು ಮುಖ ಮುಚ್ಚಿಕೊಂಡು ಅತ್ತರು. ಐವತ್ತು ದಾಟಿದ ಗಂಡಸು ಅಳುವಾಗ ಸಮಾಧಾನದ ಮಾತಿಗಿಂತ ಮೌನವೇ ಮೇಲು. ನಾನು ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟೆ. ಮರುದಿನ ಲೆಚ್‌ಲೇಡ್ ಮುಟ್ಟುವವರೆಗೆ ಅವರಿಬ್ಬರ ಮಾತು ನಿಲ್ಲಲಿಲ್ಲ. ನನಗೆ ದೌತ್ಯದ ಕೆಲಸ ತಪ್ಪಿತು.

2024ರ ಜನವರಿಯಲ್ಲಿ ವೈದ್ಯಮಿತ್ರರು ಊರಿಗೆ ಬಂದು ತಾಯಿಯ ಸಮಾಧಿಗೆ ತಮ್ಮ ಕೈಯಾರೆ ಮಣ್ಣು ಹಾಕಿದರು. ತಾಯಿಯ ನೆನಪಿಗಾಗಿ ಪ್ರಸಾದ ನಿಲಯದಲ್ಲಿ ಒಂದು ದಿನದ ದಾಸೋಹಕ್ಕೆ ದತ್ತಿಯಿಟ್ಟು, ಅದರ ಮೇಲ್ವಿಚಾರಣೆಯನ್ನು ಕೃಷಿಕ ಮಿತ್ರರಿಗೆ ಒಪ್ಪಿಸಿದ್ದಾರೆ. ಈ ಶಾಲೆಯಿಂದ ಹೊರಟವರು ಇಂದು ನಾನಾ ದೇಶಗಳಲ್ಲಿ ಹರಡಿದ್ದಾರೆ. ಇಲ್ಲಿಯೇ ಉಳಿದವರೂ ಇದ್ದಾರೆ. ಹೋದವರ ಅಳಲು ಉಳಿದವರಿಗೆ, ಉಳಿದವರ ಹೊರೆ ಹೋದವರಿಗೆ ದೂರವಾಣಿಯ ಎರಡು ನಿಮಿಷಗಳಲ್ಲಿ ತಿಳಿಯುವಂಥದಲ್ಲ. ಅದಕ್ಕೆ ಒಟ್ಟಿಗೆ ಕುಳಿತುಕೊಳ್ಳುವಷ್ಟು ಬಿಡುವು ಬೇಕು. ಹಳೆಯ ಗೆಳೆಯರಿದ್ದವರು ಆ ಬಿಡುವನ್ನು ಕಾಲ ಮೀರುವ ಮೊದಲೇ ಮಾಡಿಕೊಳ್ಳಲಿ.