ಹನ್ನೆರಡು ತೊಲ ತುಪ್ಪ

ನಿಮ್ಮ ಅಮ್ಮನ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಹಳೆಯ ಪಂಚಾಂಗ ಮತ್ತು ಲಗ್ನಪತ್ರಿಕೆಗಳ ನಡುವೆ, ಒಂದು ತೆಳ್ಳನೆಯ ಪಾಕಪುಸ್ತಕ ಇದ್ದರೂ ಇದ್ದೀತು. ನಮ್ಮ ಸಂಘದ ಮಹಿಳೆಯರು ಬಹಳ ಹಿಂದೆ ತಮ್ಮ ತಮ್ಮ ಮನೆಯ ತಿಂಡಿಗಳನ್ನು ಬರೆದುಕೊಟ್ಟು, ನಾಲ್ಕು ಜಾಹೀರಾತು ಕೂಡಿಸಿ ಅಚ್ಚು ಹಾಕಿಸಿದ ಪುಸ್ತಕ ಅದು. ನೀವು ಅದನ್ನು ಕಂಡಿದ್ದರೂ ತೆರೆದಿರಲಾರಿರಿ. ನಿಮ್ಮಲ್ಲಿ ಅನೇಕರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಈ ಲೇಖನವನ್ನೂ ಅಮ್ಮ ಓದಿ ಹೇಳುತ್ತಿದ್ದರೆ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನನ್ನ ಪ್ರತಿಗೆ ರಕ್ಷಾಪುಟವಿಲ್ಲ, ಇಸವಿಯೂ ಇಲ್ಲ. ಆದರೆ ಕೊನೆಯ ಪುಟದ ಜಾಹೀರಾತಿನಲ್ಲಿ ಬೆಲೆಯನ್ನು ‘ನ. ಪೈ.’ ಎಂದು ಹಾಕಿದ್ದಾರೆ. 1957ರ ಏಪ್ರಿಲ್‌ನಲ್ಲಿ ರೂಪಾಯಿಗೆ ನೂರು ಪೈಸೆಯ ಲೆಕ್ಕ ಬಂದಾಗ, ಹಳೆಯ ಪೈಸೆಯೊಡನೆ ಗೊಂದಲವಾಗದಿರಲಿ ಎಂದು ‘ನಯಾ ಪೈಸೆ’ ಎಂದರು. 1964ರಲ್ಲಿ ಆ ‘ನಯಾ’ವನ್ನು ಕೈಬಿಟ್ಟರು. ಅಂದಮೇಲೆ ಪುಸ್ತಕ ಆ ನಡುವಿನದು. ಅಳತೆಗಳೂ ಅದನ್ನೇ ಹೇಳುತ್ತವೆ. ಒಂದು ಪುಟದಲ್ಲಿ ತೊಲ, ಮಗ್ಗುಲಲ್ಲಿ ಪೌಂಡು, ಮುಂದಿನದರಲ್ಲಿ ಗ್ರಾಂ. ಮೆಟ್ರಿಕ್ ತೂಕ 1958ರಿಂದ ಹಂತಹಂತವಾಗಿ ಜಾರಿಗೆ ಬಂದ ದಿನಗಳವು; ಯಾರ ಮನೆಯಲ್ಲಿ ಯಾವ ತಕ್ಕಡಿಯೋ ಅದೇ ಪುಸ್ತಕದಲ್ಲಿ!

ಕಳೆದ ವರ್ಷ ಭಾನುವಾರಕ್ಕೊಂದರಂತೆ ಅದರ ಸಿಹಿತಿಂಡಿಗಳನ್ನು ಮಾಡತೊಡಗಿದೆವು. ‘ಎವು’ ಎಂದರೆ ನಾನು ಮತ್ತು ನನ್ನ ತಂಗಿಯ ಮಗಳು. ನಾನು ಓದುವುದು, ಅವಳು ತೂಗುವುದು. ಮೊದಲನೆಯದು ನಾನ್‌ಕಟಾಯಿ: ಮೈದಾ 20 ತೊಲ, ಪುಡಿಸಕ್ಕರೆ 12 ತೊಲ, ತುಪ್ಪ 12 ತೊಲ.

“ದೊಡ್ಡಮ್ಮ, ತೊಲ ಅಂದ್ರೆ ಹತ್ತು ಗ್ರಾಂ ಅಲ್ವಾ? ಚಿನ್ನದ ಅಂಗಡೀಲಿ ಹಾಗೇ ಹೇಳ್ತಾರೆ.”

ಚಿನ್ನದ ಅಂಗಡಿಯ ಈಗಿನ ತೊಲ ಹತ್ತು ಗ್ರಾಂ ನಿಜ. ಆದರೆ ಆ ಅಜ್ಜಿಯರ ತೊಲ 11.66 ಗ್ರಾಂ. ಅಂದರೆ ಮೈದಾ 233 ಗ್ರಾಂ, ಸಕ್ಕರೆ, ತುಪ್ಪ ತಲಾ 140. ಎಲ್ಲವನ್ನೂ ಒಂದೇ ತೊಲದಲ್ಲಿ ತೂಗಿದರೆ ಯಾವುದಾದರೂ ನಡೆದೀತು. ತೊಂದರೆ ಬರುವುದು ಚಮಚದಲ್ಲಿ. ‘ಸೋಡ ಚಮಚ 1’ ಎಂದು ಅಚ್ಚಾಗಿತ್ತು. ಅಚ್ಚಾದಂತೆಯೇ ಹಾಕಿದೆವು. ನಾನ್‌ಕಟಾಯಿ ಕಂದಾಗಿ, ತಟ್ಟೆಯ ತುಂಬ ಹರಡಿ, ಬಾಯಿಗಿಟ್ಟರೆ ಸಾಬೂನು.

ಪುಸ್ತಕದಲ್ಲಿ ಪ್ರತಿ ತಿಂಡಿಯ ಕೆಳಗೂ ಬರೆದುಕೊಟ್ಟವರ ಹೆಸರಿದೆ. ಹೆಸರೇನು ಬಂತು, ‘ಶ್ರೀಮತಿ’ ಎಂದು ಹಾಕಿ ಮುಂದೆ ಯಜಮಾನರ ಇನಿಷಿಯಲ್ಲು, ಉಪನಾಮ. ಸುಮಾರು ಮೂವತ್ತು ಹೆಂಗಸರು ಒಂದು ಪುಸ್ತಕ ಬರೆದಿದ್ದಾರೆ, ಒಬ್ಬರ ಸ್ವಂತ ಹೆಸರೂ ಅದರಲ್ಲಿಲ್ಲ. ಅವರಲ್ಲಿ ಈಗ ಇರುವವರು ಇಬ್ಬರೋ ಮೂವರೋ. ನಾನ್‌ಕಟಾಯಿಯ ಮಾಮಿ, ದೇವರ ದಯೆ, ತೊಂಬತ್ತರ ಮೇಲಾದರೂ ಫೋನಿನಲ್ಲಿ ಸ್ಪಷ್ಟವಾಗಿ ಮಾತಾಡುತ್ತಾರೆ.

“ಅದು ಕಾಲು ಚಮಚ ಮಾರಾಯ್ತಿ! ಅಚ್ಚಿನವ ಅದರ ಕಾಲು ಮುರಿದು ಹಾಕಿದ. ಆಗಲೇ ಹೇಳಿದ್ದೆ, ತಿದ್ದುಪಡಿ ಚೀಟಿ ಅಂಟಿಸ್ತೇವೆ ಅಂದಿದ್ರು.”

ಚೀಟಿ ಅಂಟಲಿಲ್ಲ. ಅರವತ್ತು ವರ್ಷ ಆ ಕಾಲು ಚಮಚ ಅವರ ತಲೆಯಲ್ಲೊಂದೇ ಉಳಿದಿತ್ತು.

ಆ ಫೋನು ಮುಕ್ಕಾಲು ಗಂಟೆ ನಡೆಯಿತು. ತುಪ್ಪ ಕರಗಿರಬಾರದು, ಮರಳು ಮರಳಾಗಿ ಹೆಪ್ಪುಗಟ್ಟಿರಬೇಕು. ಬೇಸಿಗೆಯಾದರೆ ಪಾತ್ರೆಯನ್ನು ತಣ್ಣೀರಿನಲ್ಲಿ ಇಡಬೇಕು (ನಾವು ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟೆವು). ಸಕ್ಕರೆ ಹಾಕಿ ಅಂಗೈಯಲ್ಲಿ ಬೆಳ್ಳಗಾಗುವವರೆಗೆ ಉಜ್ಜಬೇಕು, ಆಮೇಲೆ ಮೈದಾ. ಇದ್ಯಾವುದೂ ಪುಸ್ತಕದಲ್ಲಿಲ್ಲ. ಅಲ್ಲಿರುವುದು ‘ಹದವಾಗಿ ನಾದಿ, ಹದವಾದ ಉರಿಯಲ್ಲಿ ಬೇಯಿಸುವುದು’ ಎಂಬ ಒಂದೇ ಸಾಲು.

ಈ ‘ಹದವಾದ ಉರಿ’ ನನಗೆ ಗೊತ್ತು, ಏಕೆಂದರೆ ಅದನ್ನು ನಾನು ಕಂಡಿದ್ದೇನೆ. ಆಗ ನಮ್ಮ ಚಾಳಿನಲ್ಲಿ ಯಾರ ಮನೆಯಲ್ಲೂ ಓವನ್ ಇರಲಿಲ್ಲ. ದೀಪಾವಳಿಗೆ ಮುಂಚೆ ಅಮ್ಮಂದಿರು ಹಿಟ್ಟು ನಾದಿ ಡಬ್ಬಿಯಲ್ಲಿ ತುಂಬಿ ಬೀದಿಯ ಬೇಕರಿಗೆ ಒಯ್ಯುತ್ತಿದ್ದರು. ತಟ್ಟೆ ಬೇಕರಿಯವನದು, ಕೂಲಿ ತೂಕದ ಲೆಕ್ಕದಲ್ಲಿ. ನಮ್ಮ ತಟ್ಟೆ ಇನ್ನೊಬ್ಬರ ಪಾಲಾಗದಂತೆ ಕಾಯುವುದು ಮಕ್ಕಳ ಕೆಲಸ. ಪಾವು ಬೆಂದು ಹೊರಬಿದ್ದ ಮೇಲೆಯೇ ನಮ್ಮ ಸರದಿ. ಸೌದೆಯ ಭಟ್ಟಿಯ ಕಾವು ಆಗ ಇಳಿಯುತ್ತ ಬಂದಿರುತ್ತದೆ. ಆ ಇಳಿಗಾವಿನಲ್ಲಿ ನಾನ್‌ಕಟಾಯಿ ಕೆಂಪಾಗದೆ ಒಳಗಿನಿಂದ ಬೇಯುತ್ತದೆ. ಮಾಮಿ ಡಿಗ್ರಿ ಬರೆಯದಿದ್ದುದು ಇದಕ್ಕೇ, ಬೆಂಕಿಯ ಹೊಣೆ ಬೇಕರಿಯವನದಾಗಿತ್ತು. ನಮ್ಮ ಓವನ್ನಿನಲ್ಲಿ ಆ ಹದ 160 ಡಿಗ್ರಿ, ಇಪ್ಪತ್ತು ನಿಮಿಷ. ಮೇಲ್ಭಾಗ ಬೆಳ್ಳಗಿರುವಾಗಲೇ ತೆಗೆಯಿರಿ. ಮುಟ್ಟಿದರೆ ಮೆತ್ತಗಿರುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಸೌದೆಯ ಭಟ್ಟಿ ನೋಡುವ ಆಸೆಯಿದ್ದರೆ ತಡಮಾಡಬೇಡಿ. ಹೊಗೆಯ ಕಾರಣಕ್ಕೆ, ಸೌದೆ ಮತ್ತು ಇದ್ದಿಲು ಉರಿಸುವ ಮುಂಬಯಿಯ ಬೇಕರಿಗಳು ಆರು ತಿಂಗಳೊಳಗೆ ಬೇರೆ ಇಂಧನಕ್ಕೆ ಹೋಗಬೇಕೆಂದು ಬಾಂಬೆ ಹೈಕೋರ್ಟು 2025ರ ಜನವರಿಯಲ್ಲಿ ಹೇಳಿತು. ಗಾಳಿಯ ದೃಷ್ಟಿಯಿಂದ ಅದು ಸರಿಯೇ. ಆದರೂ ಆ ವಾಸನೆ!

ನಾನ್‌ಕಟಾಯಿ ಕನ್ನಡದ ತಿಂಡಿಯೇ ಎಂದು ಕೇಳುವಿರಿ. ಅಲ್ಲ. ಸೂರತ್ತಿನಲ್ಲಿ ಡಚ್ಚರ ಬೇಕರಿ ವಹಿಸಿಕೊಂಡ ಪಾರ್ಸಿಯೊಬ್ಬರ ಕೈಯಲ್ಲಿ ಹುಟ್ಟಿತೆಂದು ಕತೆ. ನಮ್ಮ ತಾಯಂದಿರು ಅದನ್ನು ಚಾಳಿನ ಗುಜರಾತಿ ನೆರೆಯವರಿಂದ ಕಲಿತು, ಏಲಕ್ಕಿ ಹೆಚ್ಚು ಹಾಕಿ, ಕನ್ನಡದಲ್ಲಿ ಬರೆದಿಟ್ಟರು. ಊರಿನ ಅಡುಗೆ ಪುಸ್ತಕಗಳಲ್ಲಿ ಹುಡುಕಿದರೆ ಈ ಮಿಶ್ರಣ ಸಿಗಲಾರದು. ನಮ್ಮ ಪುಸ್ತಕವನ್ನು ನಾನು ಹೆಚ್ಚು ಇಷ್ಟಪಡುವುದು ಇದಕ್ಕೇ.

ಊರಿನದೇ ಬೇಕೆಂದರೆ ತೌಸಳಿ ಇದೆ. ಕೊಂಕಣಿ ಮಾತಿನ ಮನೆಯವರು ಕೊಟ್ಟದ್ದು. ತವಶೆ ಎಂದರೆ ಅವರಲ್ಲಿ ಸೌತೆಕಾಯಿ. ಬಲಿತ ಸೌತೆಕಾಯಿಯ ತುರಿ, ಬೆಲ್ಲ, ಹುರಿದ ರವೆ, ಕಾಯಿತುರಿ. ನೀರು ಹಾಕುವಂತಿಲ್ಲ, ಸೌತೆಯ ರಸವೇ ಸಾಕು. ‘ಕೆಳಗೂ ಮುಚ್ಚಳದ ಮೇಲೂ ಕೆಂಡ ಹಾಕುವುದು’ ಎಂಬಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿದೆ. ಹುಡುಗಿ ಓವನ್ನಿನ ಗುಂಡಿ ತಿರುಗಿಸಿ ಮೇಲಿನ, ಕೆಳಗಿನ ಎರಡೂ ಸರಳುಗಳನ್ನು ಕಾಯಿಸಿ, “ಇದೇ ಅಲ್ವಾ ದೊಡ್ಡಮ್ಮ?” ಎಂದಳು. ಇದೇ! 180 ಡಿಗ್ರಿ, ಮುಕ್ಕಾಲು ಗಂಟೆ. ಅಂಚು ಕಪ್ಪುಗೆಂಪಾಗಿ ಗರಿಗರಿಯಾಯಿತು. ಅಂಚಿಗೇ ಜಗಳವಾಯಿತು.

ಎರಡನೇ ಸಲದ ನಾನ್‌ಕಟಾಯಿಯನ್ನು ಡಬ್ಬಿಯಲ್ಲಿ ಮಾಮಿಯ ಮನೆಗೆ ಒಯ್ದೆವು. ಪುಸ್ತಕವನ್ನೂ. ಅವರಿಗೆ ಈಗ ಓದಲು ಕಾಣುವುದಿಲ್ಲ. “ಅದರಲ್ಲಿ ನನ್ನ ಹೆಸರು ಇದೆಯಾ?” ಎಂದರು.

“ಮಾವನ ಹೆಸರು ಇದೆ, ಮಾಮಿ.”

“ಅವರಿಗೆ ಚಹಾ ಮಾಡ್ಲಿಕ್ಕೂ ಬರ್ತಿರ್ಲಿಲ್ಲ” ಎಂದು ನಕ್ಕರು. ಹುಡುಗಿ ಪೆನ್ಸಿಲ್ ತೆಗೆದು ಸೋಡದ ‘1’ ಹೊಡೆದುಹಾಕಿ ¼ ಮಾಡಿದಳು. ಕೆಳಗೆ ಮಾಮಿಯ ಸ್ವಂತ ಹೆಸರು ಬರೆದಳು, ನಾಗರಿಯಲ್ಲಿ. ಶಾಲೆಯಲ್ಲಿ ಕಲಿತದ್ದು ಅದೇ. ನಾನು ಬೇಡವೆನ್ನಲಿಲ್ಲ.

ಈಗ ನಿಮ್ಮಿಂದ ಒಂದು ಉಪಕಾರ ಆಗಬೇಕು. ನನ್ನ ಪ್ರತಿಯಲ್ಲಿ ಮೊಟ್ಟೆಯಿಲ್ಲದ ಹಣ್ಣಿನ ಕೇಕು 42ನೇ ಪುಟದ ಕೊನೆಗೆ ‘ಆಮೇಲೆ ಮೊಸರನ್ನು’ ಎಂದು ನಿಂತಿದೆ. ಮುಂದಿನ ಹಾಳೆ ಹರಿದುಹೋಗಿದೆ, ಬರೆದುಕೊಟ್ಟವರೂ ಈಗಿಲ್ಲ. ನಿಮ್ಮ ಮನೆಯ ಕಪಾಟಿನಲ್ಲಿ ಪುಸ್ತಕ ಸಿಕ್ಕರೆ 43ನೇ ಪುಟದ ಒಂದು ಜೆರಾಕ್ಸನ್ನು ಸಂಘದ ಕಚೇರಿಗೆ ತಲುಪಿಸಿ. ಪುಟದ ಅಂಚಿನಲ್ಲಿ ಅಜ್ಜಿ ಏನಾದರೂ ಗೀಚಿದ್ದರೆ ಅದೂ ಕಾಣುವಂತೆ ತೆಗೆಸಿ.